ಹಾವರ್ತ್ ಗ್ರಾಮದ ಹಳೆಯ ಶಾಲಾಭವನ: ದಾನದ ಉದ್ದೇಶವೂ ಧರ್ಮದರ್ಶಿಗಳ ಹೊಣೆಯೂ

ಊರಿನವರು ಸೇರಿ ಕಟ್ಟಿಸಿದ ಶಾಲೆಯಲ್ಲಿ ಪಾಠ ನಿಂತುಹೋದ ಬಳಿಕ ಆ ಕಟ್ಟಡವನ್ನು ಏನು ಮಾಡಬೇಕು? ದಾನವಿತ್ತವರು ಇಂದಿಲ್ಲ, ಯಾವ ಕಾರ್ಯಕ್ಕೆಂದು ಇತ್ತರೋ ಆ ಕಾರ್ಯವೂ ನಡೆಯುತ್ತಿಲ್ಲ. ಉಳಿದಿರುವುದು ಕಲ್ಲಿನ ಗೋಡೆ, ಸೋರುವ ಮಾಡು ಮತ್ತು ವರ್ಷವರ್ಷಕ್ಕೂ ಏರುವ ನಿವೇಶನದ ಬೆಲೆ. ಧರ್ಮಸಂಸ್ಥೆಗಳ ಆಡಳಿತದಲ್ಲಿರುವವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಈ ವಿಚಾರದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಗ್ರಾಮದ ಹಳೆಯ ಶಾಲಾಭವನದ ಚರಿತ್ರೆ ಮನನಯೋಗ್ಯವಾಗಿದೆ.

ಈ ಶಾಲೆ 1832ರಲ್ಲಿ ನಿರ್ಮಾಣವಾಯಿತು. ಅದಕ್ಕಾಗಿ ಶ್ರಮಿಸಿದವರು ಅಲ್ಲಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ. ‘ಜೇನ್ ಐರ್’, ‘ವುದರಿಂಗ್ ಹೈಟ್ಸ್’ ಕಾದಂಬರಿಗಳನ್ನು ಬರೆದ ಸೋದರಿಯರ ತಂದೆ ಎಂದರೆ ವಾಚಕರಿಗೆ ಗುರುತು ಸಿಕ್ಕೀತು. 1777ರಲ್ಲಿ ಐರ್ಲೆಂಡಿನ ಬಡ ಕುಟುಂಬವೊಂದರಲ್ಲಿ ಜನಿಸಿದ ಅವರು ಎಳೆಯ ಪ್ರಾಯದಲ್ಲಿಯೇ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ, 1802ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯವನ್ನು ಸೇರಿದರು. ಅವರನ್ನು ಮೇಲೆತ್ತಿದ್ದು ವಿದ್ಯೆಯೊಂದೇ. 1820ರಲ್ಲಿ ಹಾವರ್ತಿಗೆ ಬಂದ ಮರುವರ್ಷವೇ ಪತ್ನಿಯನ್ನು ಕಳೆದುಕೊಂಡರು. ದೂರದ ವಸತಿಶಾಲೆಯಿಂದ ಕಾಯಿಲೆಬಿದ್ದು ಮರಳಿದ ಇಬ್ಬರು ಹಿರಿಯ ಹೆಣ್ಣುಮಕ್ಕಳು 1825ರಲ್ಲಿ ತೀರಿಕೊಂಡರು. ಅಂಥ ಪೆಟ್ಟು ತಿಂದ ತಂದೆ ಏಳು ವರ್ಷಗಳ ತರುವಾಯ ಊರಿನ ಮಕ್ಕಳಿಗಾಗಿ ಶಾಲೆಯನ್ನು ಕಟ್ಟಿಸಲು ಮುಂದಾದರೆಂಬುದು ಗಮನಾರ್ಹ.

ಹಾವರ್ತ್ ಆಗ ಉಣ್ಣೆಯ ಕಸುಬಿನ ಊರು. ಬಡವರ ಮಕ್ಕಳು ವಾರದ ಆರು ದಿನ ದುಡಿಯುತ್ತಿದ್ದರು. ಬಹುಪಾಲು ಬಟ್ಟೆಗಿರಣಿಗಳಲ್ಲಿ ಒಂಬತ್ತು ವರ್ಷಕ್ಕಿಂತ ಕಿರಿಯರನ್ನು ದುಡಿಸಕೂಡದೆಂಬ ಕಾಯಿದೆ ಬಂದದ್ದೇ 1833ರಲ್ಲಿ. ಹೀಗಿರುವಾಗ ಅಕ್ಷರ ಕಲಿಯಲು ಅವರಿಗೆ ಬಿಡುವಿದ್ದುದು ಭಾನುವಾರ ಮಾತ್ರ. ಆದುದರಿಂದ ಇದು ಮೊದಲಿಗೆ ಭಾನುವಾರದ ಶಾಲೆಯಾಯಿತು. ಊರಿನ ಸ್ಥಿತಿಯೂ ದಾರುಣವಾಗಿತ್ತು. ಪ್ಯಾಟ್ರಿಕ್ ಮತ್ತು ಗ್ರಾಮಸ್ಥರು ಸಲ್ಲಿಸಿದ ಮನವಿಯ ಮೇರೆಗೆ ನಡೆದ ವಿಚಾರಣೆಯ ವರದಿ 1850ರಲ್ಲಿ ಹೊರಬಂತು. ಅದರಂತೆ ಅಲ್ಲಿ ಮೃತರ ಸರಾಸರಿ ವಯಸ್ಸು ಸುಮಾರು 26 ವರ್ಷ. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಆರು ತುಂಬುವ ಮೊದಲೇ ಸಾಯುತ್ತಿದ್ದರು. ಅಂಥ ಊರಿನಲ್ಲಿ ವಿದ್ಯೆಗೆಂದು ಕಾಸು ಕೂಡಿಸುವುದು ಸುಲಭದ ಮಾತಲ್ಲ.

ಶಾಲೆಯ ಗೋಡೆಯ ಮೇಲಿನ ಕಲ್ಲುಬರಹ ಇಂದಿಗೂ ಓದಲು ಸಿಗುತ್ತದೆ. ಜನರು ಸ್ವಇಚ್ಛೆಯಿಂದ ಕೊಟ್ಟ ವಂತಿಗೆಯಿಂದಲೂ ಲಂಡನ್ನಿನ ನ್ಯಾಷನಲ್ ಸೊಸೈಟಿಯ ಸಹಾಯಧನದಿಂದಲೂ ಕಟ್ಟಿದ್ದೆಂದು ಅದು ಹೇಳುತ್ತದೆ. ಈ ಸೊಸೈಟಿ ಬಡ ಮಕ್ಕಳ ಶಿಕ್ಷಣಕ್ಕಾಗಿ 1811ರಲ್ಲಿ ಸ್ಥಾಪಿತವಾದುದು. ಆಡಳಿತ ಧರ್ಮದರ್ಶಿಗಳದು, ಆಯಾ ಕಾಲದ ಪಾದ್ರಿ ಅವರಲ್ಲೊಬ್ಬ ಎಂದೂ ಕಲ್ಲು ಸಾರುತ್ತದೆ. ಹೊಣೆಯನ್ನು ಹೊರಿಸಿರುವುದು ವ್ಯಕ್ತಿಗಲ್ಲ, ಸ್ಥಾನಕ್ಕೆ. ಲೆಕ್ಕಪತ್ರದಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಈ ಒಂದು ಮಾತಿನಲ್ಲಿ ದೊಡ್ಡ ವಿವೇಕ ಕಾಣುತ್ತದೆ.

ಬ್ರಾಂಟೆಯವರ ಮಗಳು ಷಾರ್ಲೆಟ್ ಇಲ್ಲಿ ಪಾಠ ಹೇಳಿದಳು. 1854ರ ಜೂನ್‌ನಲ್ಲಿ ಅವಳ ವಿವಾಹ ನಡೆಯಿತು. ಪತಿಯೊಡನೆ ಐರ್ಲೆಂಡಿಗೆ ಹೋಗಿಬಂದ ಮೇಲೆ, ಶಾಲೆಯ ಮಕ್ಕಳು, ಅಧ್ಯಾಪಕರು, ಚರ್ಚಿನ ಗಾಯಕರು, ಗಂಟೆ ಬಾರಿಸುವವರು ಎಲ್ಲರೂ ಸೇರಿ ಸುಮಾರು 500 ಮಂದಿಗೆ ದಂಪತಿಗಳು ಇದೇ ಶಾಲೆಯಲ್ಲಿ ಚಹಾ ಮತ್ತು ಊಟದ ಸತ್ಕಾರ ನೀಡಿದರು. ಆದುದರಿಂದ ಶಾಲೆ ಮುಂದೆಂದೋ ಸಮುದಾಯಭವನವಾಯಿತೆನ್ನುವುದು ಅರ್ಧಸತ್ಯ. ಪಾಠ ನಡೆಯುತ್ತಿದ್ದ ಕಾಲದಲ್ಲಿಯೂ ಅದು ಊರೊಟ್ಟಿನ ಚಾವಡಿಯಾಗಿತ್ತು.

1870ರ ಶಿಕ್ಷಣ ಕಾಯಿದೆಯ ಬಳಿಕ ಸಾರ್ವಜನಿಕ ಹಣದಿಂದ ನಡೆಯುವ ಶಾಲೆಗಳು ಇಂಗ್ಲೆಂಡಿನಾದ್ಯಂತ ಹುಟ್ಟಿದವು. ಕಾಲಕ್ರಮದಲ್ಲಿ ಇಂಥ ಅನೇಕ ಹಳೆಯ ಶಾಲೆಗಳು ಬರಿದಾದವು. ಹಾವರ್ತಿನಲ್ಲಿಯೂ ಪಾಠ ನಿಂತಿತು, ಆದರೆ ಬಾಗಿಲು ಮುಚ್ಚಲಿಲ್ಲ. ಇಂದು ಅಲ್ಲಿ ಸಭೆ, ಮದುವೆ, ಕಲಾಕಾರ್ಯಕ್ರಮಗಳು ನಡೆಯುತ್ತವೆ. ಸ್ಥಳೀಯ ದತ್ತಿಸಂಸ್ಥೆಯೊಂದು ಹಣ ಕೂಡಿಸುತ್ತ ಕಟ್ಟಡವನ್ನು ಕಾಪಾಡಿಕೊಂಡು ಬಂದಿದೆ.

ಎಲ್ಲ ಶಾಲೆಗಳಿಗೂ ಈ ಭಾಗ್ಯವಿರಲಿಲ್ಲ. ಹಾವರ್ತಿನ ಶಾಲೆ ಕಟ್ಟಿದ ಒಂಬತ್ತು ವರ್ಷಗಳ ಮೇಲೆ, 1841ರಲ್ಲಿ, ಶಾಲಾ ನಿವೇಶನಗಳ ಕಾಯಿದೆ ಬಂತು. ಅದರನ್ವಯ ಭೂಮಾಲಿಕರು ಶಾಲೆಗೆಂದು ಒಂದು ಎಕರೆ ಮೀರದ ನೆಲವನ್ನು ಕೊಡಬಹುದಿತ್ತು; ಆದರೆ ಹಾಗೆ ಕೊಟ್ಟ ನೆಲ ಶಾಲೆಗೆ ಬಳಕೆಯಾಗದಿದ್ದರೆ ದಾನಿಯ ಆಸ್ತಿಗೇ ಹಿಂತಿರುಗುವ ಕಟ್ಟಳೆಯಿತ್ತು. ತಲೆಮಾರುಗಳು ಕಳೆದ ಮೇಲೆ ವಾರಸುದಾರರನ್ನು ಹುಡುಕುವುದೇ ಕಷ್ಟವಾಯಿತು. ಕಡೆಗೆ 1987ರಲ್ಲಿ ಮತ್ತೊಂದು ಕಾಯಿದೆ ಮಾಡಿ, ಇಂಥ ಆಸ್ತಿ ತಾನಾಗಿ ಹಿಂತಿರುಗುವ ಬದಲು ಧರ್ಮದರ್ಶಿಗಳು ಹಕ್ಕುದಾರರ ಪರವಾಗಿ ಅದನ್ನು ಹಿಡಿದಿರಬೇಕೆಂದು ವಿಧಿಸಬೇಕಾಯಿತು. ದಾನವು ಧರ್ಮದರ್ಶಿಯ ಕೈಗೆ ಬಂದ ಮಾತ್ರಕ್ಕೆ ಅವನ ಸ್ವಂತದ್ದಾಗುವುದಿಲ್ಲವೆಂಬ ತತ್ತ್ವ ಎರಡು ಕಾಯಿದೆಗಳಲ್ಲಿಯೂ ಅಡಗಿದೆ.

ಪ್ಯಾಟ್ರಿಕ್ ಬ್ರಾಂಟೆ 1861ರಲ್ಲಿ ಕಾಲವಾದರು. ಅಷ್ಟರಲ್ಲಿ ಅವರ ಆರು ಮಂದಿ ಮಕ್ಕಳೂ ಗತಿಸಿದ್ದರು, ಮೊಮ್ಮಕ್ಕಳಿರಲಿಲ್ಲ. ಕುಲ ಮುಗಿದರೂ ಊರಿನವರ ವಂತಿಗೆಯಿಂದ ಎದ್ದ ಭವನ ಬಳಕೆಯಲ್ಲಿದೆ. ನಮ್ಮ ಊರುಗಳಲ್ಲಿಯೂ ಹಳೆಯ ಪಾಠಶಾಲೆಗಳು ಬೀಗ ಹಾಕಿಕೊಂಡು ನಿಂತಿವೆ. ಅವನ್ನು ಕೆಡವಿ ಅಂಗಡಿಸಾಲು ಎತ್ತಿದರೆ ಎಷ್ಟು ಬಾಡಿಗೆ ಬಂದೀತೆಂಬ ಲೆಕ್ಕ ವ್ಯಾಪಾರಿಯಾದ ನನಗೆ ಬೇಗನೆ ಹೊಳೆಯುತ್ತದೆ. ಆದರೆ ನಿರ್ಣಯದ ಪುಸ್ತಕಕ್ಕೆ ಸಹಿ ಹಾಕುವ ಮುನ್ನ ಧರ್ಮದರ್ಶಿಗಳು ಮೂಲ ದಾನಪತ್ರವನ್ನು ತರಿಸಿ ಸಭೆಯಲ್ಲಿ ಗಟ್ಟಿಯಾಗಿ ಓದಿಸಲಿ. ಕೊಟ್ಟವರು ಏನನ್ನು ಬಯಸಿದ್ದರು, ಅದಕ್ಕೆ ಸಮೀಪವಾದ ಯಾವ ಕಾರ್ಯ ಇಂದು ಸಾಧ್ಯ ಎಂಬುದನ್ನು ಮೊದಲು ಕೇಳಿಕೊಳ್ಳಲಿ. ಬಾಡಿಗೆಯ ಲೆಕ್ಕ ಅನಂತರ ಬರಲಿ.