ಮುಟ್ಟು ನಿಲ್ಲುವ ವಯಸ್ಸು: ಸಿಆರ್‌ಪಿ ರಿಪೋರ್ಟ್ ನೋಡಿ ಮೂಳೆಯ ಬಲ ಅಳೆಯಬೇಡಿ

ಉಮ್ಮನ ಬ್ಲಡ್ ರಿಪೋರ್ಟ್‌ನಲ್ಲಿ ಸಿಆರ್‌ಪಿ, ಇಎಸ್‌ಆರ್ ಎಂಬ ಹೆಸರುಗಳನ್ನು ನೀವು ನೋಡಿರಬಹುದು. ಸಂಖ್ಯೆ ಜಾಸ್ತಿ ಬಂದರೆ ಗಾಬರಿಯಾಗ್ತೇವೆ, ನಾರ್ಮಲ್ ಬಂದರೆ ಎಲ್ಲಾ ಸರಿ ಇದೆ ಅಂತ ಸುಮ್ಮನಾಗ್ತೇವೆ. ಮೂಳೆಯ ವಿಷಯದಲ್ಲಿ ಎರಡೂ ಸರಿಯಲ್ಲ.

ಸಂಬಂಧ ಏನು?
ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಮೆನೋಪಾಸ್ ಎನ್ನುತ್ತಾರೆ. ಆ ಹೊತ್ತಿಗೆ ಈಸ್ಟ್ರೋಜನ್ ಹಾರ್ಮೋನ್ ಕುಸಿಯುತ್ತದೆ. ಈ ಹಾರ್ಮೋನ್ ಇರುವಷ್ಟು ದಿನ ಐಎಲ್-6, ಟಿಎನ್‌ಎಫ್ ಎಂಬ ಉರಿಯೂತದ ಅಂಶಗಳು ಹಿಡಿತದಲ್ಲಿರುತ್ತವೆ. ಅದು ಕಡಿಮೆಯಾದಾಗ ಇವು ಹೆಚ್ಚಾಗಿ, ಮೂಳೆ ಕರಗಿಸುವ ಜೀವಕೋಶಗಳನ್ನು ಚುರುಕು ಮಾಡುತ್ತವೆ. ಐಎಲ್-6 ಹೆಚ್ಚಾದಾಗ ಲಿವರ್ ತಯಾರಿಸುವ ಪ್ರೋಟೀನ್ ಸಿಆರ್‌ಪಿ. ಮೂಳೆ ಅತಿ ವೇಗವಾಗಿ ಸವೆಯುವುದು ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲಿನಿಂದ ಎರಡು ವರ್ಷ ನಂತರದವರೆಗೆ.

ಅಧ್ಯಯನ ಹೇಳಿದ್ದು
ಅಮೆರಿಕದ 'ಸ್ವಾನ್' ಅಧ್ಯಯನದಲ್ಲಿ ಈ ವಯಸ್ಸಿನ 1,800ಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಆರ್‌ಪಿಗೂ ಮೂಳೆ ಸಾಂದ್ರತೆಗೂ ನೇರ ಸಂಬಂಧ ಕಾಣಲಿಲ್ಲ. ಆದರೆ ದೇಹದ ಭಾರಕ್ಕೆ ಹೋಲಿಸಿದಾಗ, ಸಿಆರ್‌ಪಿ ಹೆಚ್ಚಿದ್ದವರ ಸೊಂಟದ ಮೂಳೆಯ ಬಲ ಕಡಿಮೆ ಇತ್ತು. ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ ದಾಟಿದವರಲ್ಲಿ ಮೂಳೆ ಮುರಿತದ ಅಪಾಯ ಏರುತ್ತಾ ಹೋಯಿತು.

ಹಾಗಂತ ಸಿಆರ್‌ಪಿ ಮೂಳೆಯ ಟೆಸ್ಟ್ ಅಲ್ಲ. ಜ್ವರ, ಹಲ್ಲಿನ ಸೋಂಕು, ಬೊಜ್ಜು ಇದ್ದರೂ ಅದು ಏರುತ್ತದೆ. ರಕ್ತಹೀನತೆ ಇದ್ದರೂ ಇಎಸ್‌ಆರ್ ಹೆಚ್ಚು ಬರುತ್ತದೆ.

ಯಾವ ಟೆಸ್ಟ್ ಬೇಕು?
ಮೂಳೆ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಇದೆ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಈ ಕಾಯಿಲೆಯಲ್ಲಿ ಮೂಳೆ ಮುರಿಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಬೇಗ ಮುಟ್ಟು ನಿಂತವರು, ಸಣ್ಣಗೆ ಬಿದ್ದು ಮೂಳೆ ಮುರಿದುಕೊಂಡವರು, ಆಮವಾತ ಇರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದವರು 65 ವರ್ಷ ಆಗುವವರೆಗೆ ಕಾಯದೆ ಡಾಕ್ಟರ್ ಹತ್ತಿರ ಡೆಕ್ಸಾ ಬಗ್ಗೆ ಕೇಳಬೇಕು.

ಮನೆಯಲ್ಲಿ ಮಾಡಬಹುದಾದದ್ದು
ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ ಹೇಳುತ್ತದೆ. ಹಾಲು, ಮೊಸರು, ರಾಗಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇದಕ್ಕೆ ಒಳ್ಳೆಯದು. ಬೂತಾಯಿ, ಬಂಗುಡೆಯಲ್ಲಿ ವಿಟಮಿನ್ ಡಿ ಇದೆ. ಹೊರಗೆ ಮೈ ಪೂರ್ತಿ ಮುಚ್ಚಿಕೊಂಡು ಹೋಗುವವರಿಗೆ ಬಿಸಿಲು ಕಡಿಮೆ ಸಿಗುತ್ತದೆ. ಅಂಥವರು ಮನೆಯ ಅಂಗಳ, ಟೆರೇಸ್‌ನಲ್ಲಿ ಕೈಕಾಲಿಗೆ ಸ್ವಲ್ಪ ಬಿಸಿಲು ಬೀಳುವಂತೆ ನೋಡಿಕೊಳ್ಳಿ. ದಿನಾ ನಡೆಯಿರಿ, ತೂಕ ಹತೋಟಿಯಲ್ಲಿಡಿ. ಗಂಟುನೋವಿಗೆ ಡಾಕ್ಟರ್ ಚೀಟಿ ಇಲ್ಲದೆ ಸ್ಟೀರಾಯ್ಡ್ ತರಬೇಡಿ. ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡನ್ನು ತಾವಾಗಿಯೇ ನಿಲ್ಲಿಸಲೂಬೇಡಿ.

ತನ್ನ ಆರೋಗ್ಯದ ಮಾತನ್ನು ಉಮ್ಮ ತಾನಾಗಿ ಎತ್ತದೇ ಇರಬಹುದು. ಮಕ್ಕಳೇ ಕೇಳಿ ಕರೆದುಕೊಂಡು ಹೋಗಬೇಕು.