ಬದುವಿನ ಹೂಗಳು, ಭಾಗ 4: ನಾಲತವಾಡ

ಆನ್‌ಲೈನ್‌ನಲ್ಲಿ ಒಣ ಹುಲ್ಲಿನ ಕಟ್ಟು ಆರ್ಡರ್ ಮಾಡೋಕೂ ಮೊದಲು ಒಮ್ಮೆ ನಾಲತವಾಡದ ಹೊಲದ ಬದುವಿಗೆ ಬರ್ರಿ. ಹಿಂಗಾರಿ ಜ್ವಾಳ ಕಾಳು ಕಟ್ಟೋ ಹೊತ್ತಿಗೆ ಕರಡ ಬಂಗಾರದ ಬಣ್ಣಕ್ಕೆ ತಿರುಗಿರತೈತಿ. ಮುಳ್ಳಿನ ಚೆಂಡಿನಂಥ ಬ್ರಹ್ಮದಂಡಿ ನಿಂತಲ್ಲೇ ಒಣಗಿರತೈತಿ. ಇದರ ಸಂಬಂಧಿಗಳನ್ನೇ ಯುರೋಪಿನವರು ಒಣಹೂವಿನ ಗುಚ್ಛಕ್ಕಂತ ತೋಟದಲ್ಲಿ ಬೆಳೀತಾರ!

ಹೊಸ ಫ್ಯಾಷನ್ ಅಂತೀರೇನು? ದೀಪಾವಳಿ ಪಾಡ್ಯಕ್ಕೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಹೊನ್ನಾವರಿಕೆ ಹೂ ಸಿಗಿಸುತ್ತಾರೆ. ಸಗಣಿ ಒಣಗಿದಂಗ ಹೂವೂ ಅಲ್ಲೇ ಒಣಗತಾವ. ಪ್ಯಾಟಿಯಿಂದ ಕೊಂಡದ್ದಲ್ಲ, ಬದುವಿನಿಂದ ಆಯ್ದು ತಂದದ್ದು.

ಕಾಗದದ ಮೇಲೆ ಒಣಗಿಸಿದವರೂ ಇದ್ದರು. ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲ ಅದು. ಪುಣೆಯಲ್ಲಿ ಕಾಲೇಜು ಪ್ರಾಂಶುಪಾಲರಾಗಿದ್ದ ಥಿಯೋಡೋರ್ ಕುಕ್, ಹಾಗೆ ಒಣಗಿಸಿಟ್ಟ ಗಿಡಗಳನ್ನು ಮುಂದಿಟ್ಟುಕೊಂಡು ಇಡೀ ಪ್ರಾಂತ್ಯದ ಸಸ್ಯಗಳ ಪುಸ್ತಕ ಬರೆದರು. 1901ರಿಂದ 1908ರವರೆಗೆ ಕಂತು ಕಂತಾಗಿ ಅಚ್ಚಾಯಿತು. ನಮ್ಮ ಉತ್ತರಾಣಿ, ಹೊನ್ನಾವರಿಕೆ ಎರಡೂ ಅದರಲ್ಲಿವೆ. ಇವತ್ತು ನಮ್ಮ ಬದು ತುಂಬ ಕಾಣುವ ಗಿಡ ಮಾತ್ರ ಇಲ್ಲ: ಕಾಂಗ್ರೆಸ್ ಕಸ.

ಅದು ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ವರದಿ ಅಚ್ಚಾದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಬಿಜಾಪುರ ಮುಂಬೈ ಬಿಟ್ಟು ಮೈಸೂರು ರಾಜ್ಯ ಸೇರಿತು. (ಬೀಜಕ್ಕ ಎಲ್ಲಿಯ ಗಡಿ ಬಿಡ್ರಿ.) ಅಮೆರಿಕದ ಗೋಧಿ ಜೋಡಿ ಬಂತು ಅನ್ನೋ ಮಾತು ಇವತ್ತಿಗೂ ಎಲ್ಲರ ಬಾಯಾಗೈತಿ. ಹೆಂಗ ಬಂದರೂ ಬಂದು ಜಾಗ ಹಿಡೀತು. ಈಗ ಹಬ್ಬಕ್ಕೆ ಹೊನ್ನಾವರಿಕೆ ಬೇಕಂದ್ರ ಬದು ಬಿಟ್ಟು ಮಡ್ಡಿತನಕ ನಡೀಬೇಕು.

ಒಂದು ಮಾತು ಗಟ್ಟಿಯಾಗಿ ಹೇಳತೀನಿ. ಕಾಂಗ್ರೆಸ್ ಕಸದ ಸಣ್ಣ ಬಿಳಿ ಹೂ ಬೊಕೆ ಅಂಗಡಿಯ ಹೂವಿನಂಗ ಚೆಂದ ಕಾಣತೈತಿ, ಫೋಟೋದಾಗಂತೂ ಇನ್ನೂ ಚೆಂದ. ಮನೆಗೆ ತರಬ್ಯಾಡ್ರಿ. ಚರ್ಮ ತುರಿಕೆ, ದಮ್ಮು ಹಿಡಿಸೋ ಗಿಡ ಅದು, ಒಣಗಿದ ಪುಡಿಯೂ ಅಷ್ಟೇ.

ಉತ್ತರಾಣಿ ತರ್ರಿ. ಸೀರಿಗೆ, ಪ್ಯಾಂಟಿಗೆ ಅಂಟಿಕೊಳ್ಳತೈತಿ ಅನ್ನೋದೊಂದೇ ಕಿರಿಕಿರಿ. ಹೊಲದವರನ್ನ ಕೇಳಿ ಕೊಯ್ಯಿರಿ, ದಾರ ಕಟ್ಟಿ ನೆರಳಾಗ ತಲೆಕೆಳಗ ತೂಗುಬಿಡ್ರಿ. ಎಲ್ಲಾ ತೆನಿ ಮುರೀಬ್ಯಾಡ್ರಿ, ಒಂದಿಷ್ಟು ಬೀಜ ಅಲ್ಲೇ ಉದುರಲಿ.

ನಿಮ್ಮೂರಾಗ ಪಾಂಡವರಿಗೆ ಯಾವ ಹೂ ಸಿಗಿಸ್ತಾರ?

#ನಾಲತವಾಡ #ಬದುವಿನಹೂಗಳು #ಉತ್ತರಾಣಿ