ತವರಿನ ತೋಟ ಮತ್ತು ಮ್ಯಾಟಿಯ ಲೆಕ್ಕ

ಅಮೆರಿಕದ ಗಡಿನಾಡಿನ ಸಾಹಸ ಕಥೆಗಳೆಂದರೆ ಅಗಲ ಟೋಪಿ, ಕುದುರೆ, ಪಿಸ್ತೂಲು. ಅದೆಲ್ಲ ಗಂಡಸರ ಓದು ಎಂದು ನಮ್ಮಲ್ಲಿ ಅನೇಕರು ಪಕ್ಕಕ್ಕೆ ಇಟ್ಟುಬಿಡುವುದುಂಟು. ಆದರೆ ಆ ಧೂಳು, ಗುಂಡಿನ ಸದ್ದುಗಳನ್ನು ದಾಟಿ ನೋಡಿದರೆ ಒಳಗಿರುವುದು ಎರಡೇ ಪ್ರಶ್ನೆ. ಕಾನೂನು ಇನ್ನೂ ಬೇರು ಬಿಡದ ನಾಡಿನಲ್ಲಿ ನ್ಯಾಯ ಕೊಡುವವರು ಯಾರು? ಮನೆತನದ ಋಣ ತೀರಿಸಬೇಕಾದವರು ಯಾರು? ಕಾಫಿ ಸೀಮೆಯ ಹೆಣ್ಣುಮಕ್ಕಳಿಗೆ ಈ ಪ್ರಶ್ನೆಗಳು ಹೊಸವೇನಲ್ಲ.

ಚಾರ್ಲ್ಸ್ ಪೋರ್ಟಿಸ್ 1968ರಲ್ಲಿ ಬರೆದ ‘ಟ್ರೂ ಗ್ರಿಟ್’ ಕಾದಂಬರಿಯನ್ನೇ ನೋಡಿ. ಅದರ ನಾಯಕಿ ಮ್ಯಾಟಿ ರಾಸ್‌ಗೆ 14 ವರ್ಷ. ಕಾಲ 1870ರ ದಶಕ. ಮನೆಯ ಆಳು ಟಾಮ್ ಚೇನಿ ಅವಳ ತಂದೆಯನ್ನು ಫೋರ್ಟ್ ಸ್ಮಿತ್ ಊರಿನಲ್ಲಿ ಗುಂಡಿಕ್ಕಿ ಕೊಂದು, ಗಡಿಯಾಚೆ ಓಡಿಹೋಗುತ್ತಾನೆ. ಆ ಊರಿನ ಐಸಾಕ್ ಪಾರ್ಕರ್ ಎಂಬ ನ್ಯಾಯಾಧೀಶ ಕಟ್ಟುಕಥೆಯಲ್ಲ. 1875ರಿಂದ 1896ರವರೆಗೆ ಅಲ್ಲಿ ಕುಳಿತಿದ್ದ ಅವನ ತೀರ್ಪಿನಿಂದ 79 ಮಂದಿ ನೇಣಿಗೇರಿದರು. ಮ್ಯಾಟಿಯ ತಾಯಿಗೆ ಓದುಬರಹ ಅಷ್ಟಕ್ಕಷ್ಟೆ, ತಮ್ಮ ಇನ್ನೂ ಚಿಕ್ಕವನು. ಹಾಗಾಗಿ ತಂದೆಯ ಋಣ ಹುಡುಗಿಯ ಹೆಗಲಿಗೆ ಬೀಳುತ್ತದೆ. ಒಂಟಿಗಣ್ಣಿನ ಮಾರ್ಷಲನೊಬ್ಬನನ್ನು ಕೂಲಿಗೆ ಗೊತ್ತುಮಾಡಿಕೊಂಡು ಕೊಲೆಗಾರನ ಬೆನ್ನು ಹತ್ತುತ್ತಾಳೆ.

ನನಗೆ ಹಿಡಿಸಿದ್ದು ಆ ಬೆನ್ನಟ್ಟುವಿಕೆಗಿಂತ ಅದಕ್ಕೂ ಮೊದಲಿನ ಭಾಗ. ತಂದೆಗೆ ಕುದುರೆ ಮಾರಿದ್ದ ವ್ಯಾಪಾರಿಯ ಮುಂದೆ ನಿಂತು, ತನ್ನ ವಕೀಲರ ಹೆಸರು ಹೇಳಿ, ಬರಬೇಕಾದ ಹಣವನ್ನು ಕಾಸಿಗೆ ಕಾಸು ವಸೂಲು ಮಾಡುತ್ತಾಳೆ ಅವಳು. ಮನೆಯ ಲೆಕ್ಕ ಬರೆದು ಪಳಗಿದ ಕೈ ಅದು. ಅವಳ ಮೊದಲ ಆಯುಧ ಪಿಸ್ತೂಲಲ್ಲ, ಕಾಗದ.

ನಮ್ಮ ಗುಡ್ಡಗಳಿಗೂ ಕಾನೂನು ಬಂದದ್ದು ಕುದುರೆಯ ಮೇಲಲ್ಲ, ಕಾಗದದ ಮೇಲೆ. 19ನೇ ಶತಮಾನದ ನಡುಭಾಗದಲ್ಲಿ ಯುರೋಪಿಯನ್ನರು ಇಲ್ಲಿ ಕಾಡು ಕಡಿದು ದೊಡ್ಡ ತೋಟಗಳನ್ನು ಎಬ್ಬಿಸಿದರು. ಅವರಲ್ಲೊಬ್ಬನಾದ ಆರ್. ಎಚ್. ಎಲಿಯಟ್ 1871ರಲ್ಲೇ ತನ್ನ ಅನುಭವಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದ. ಹಳ್ಳಿಯ ಮಟ್ಟಿಗೆ ಸರ್ಕಾರವೆಂದರೆ ಪಟೇಲರು, ಶಾನುಭೋಗರು. ಅವರ ವಂಶಪಾರಂಪರ್ಯದ ಅಧಿಕಾರ ಮುಗಿದದ್ದು 1963ರಲ್ಲಿ. ಕಾಗದ ತಡವಾದರೆ ಏನಾಗುತ್ತದೆ ಎಂಬುದನ್ನು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ‘ತಬರನ ಕಥೆ’ಯಲ್ಲಿ ತೋರಿಸಿದ್ದಾರೆ. 1987ರಲ್ಲಿ ಗಿರೀಶ್ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು. ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರೆ, ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಕಚೇರಿಯ ವಿಳಂಬಕ್ಕೆ ಬೆಲೆ ತೆತ್ತವಳು ಅವಳು.

ಇನ್ನು ಮನೆತನದ ಮಾತು. 1974ರ ಭೂಸುಧಾರಣೆ ಕಾಫಿ ತೋಟಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಹೀಗಾಗಿ ತೋಟಗಳು ಕುಟುಂಬದ ಕೈಯಲ್ಲೇ ಉಳಿದವು. ಒಡೆಯುವುದಿದ್ದರೆ ಅಣ್ಣತಮ್ಮಂದಿರ ಪಾಲಿನಲ್ಲಿ ಮಾತ್ರ. ಹಾಗೆಂದು ಹೆಣ್ಣುಮಕ್ಕಳಿಗೆ ಕಾನೂನೇ ಇರಲಿಲ್ಲವೆಂದಲ್ಲ. ಚಿಕ್ಕಮಗಳೂರು ಸೇರಿದ್ದ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಕುಟುಂಬದ ಪಾಲಿನಲ್ಲಿ ಒಂದು ಅಂಶ ಕೊಡುವ ಕಾನೂನು ಮಾಡಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. 1994ರಲ್ಲಿ ಕರ್ನಾಟಕ ಅದನ್ನು ತಿದ್ದಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. 2005ರ ಕೇಂದ್ರದ ತಿದ್ದುಪಡಿ ಅವರಿಗೂ ತೆರೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಇಷ್ಟೆಲ್ಲ ಬಂದರೂ ಕಾನೂನು ತೊಟ್ಟಿಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತೇ ಇದೆ. ನಾನು ಪಾಠ ಹೇಳಿದ ಹುಡುಗಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಒಂದು ಸಂಜೆ ಹಕ್ಕು ಖುಲಾಸೆ ಪತ್ರದ ಕರಡು ಹಿಡಿದು ನಮ್ಮ ಮನೆಗೆ ಬಂದಳು. “ಇದಕ್ಕೆ ಸೈನ್ ಹಾಕಿದ್ರೆ ತೋಟ ಹೋಗುತ್ತೆ ಟೀಚರ್, ಹಾಕದಿದ್ರೆ ತವರೇ ಹೋಗುತ್ತೆ. ನಾಳೆ ಗೌರಿ ಹಬ್ಬಕ್ಕೆ ಬಾಗಿನ ತರೋರು ಯಾರು?” ಎಂದಳು. ಅಣ್ಣ ಕೆಟ್ಟವನಲ್ಲ. ಅವಳ ಮದುವೆಯ ಸಾಲ ತೀರಿಸಿದವನು, ಬಾಣಂತನ ಮಾಡಿಸಿದವನು. ಬೆಲೆ ಬಿದ್ದ ವರ್ಷಗಳಲ್ಲೂ ತೋಟ ಮಾರದೆ ಉಳಿಸಿಕೊಂಡವನು.

ಮ್ಯಾಟಿಗೂ ನಮ್ಮ ಹುಡುಗಿಯರಿಗೂ ಇರುವ ವ್ಯತ್ಯಾಸ ಇಲ್ಲೇ. ಅವಳಿಗೆ ಕಾನೂನೂ ಕರ್ತವ್ಯವೂ ಒಂದೇ ದಾರಿ ತೋರಿಸಿದವು: ಕೊಲೆಗಾರನನ್ನು ಹಿಡಿ. ನಮ್ಮವರಿಗೆ ಅವೆರಡೂ ಎದುರುಬದುರು ನಿಲ್ಲುತ್ತವೆ. ಎದುರಿಗಿರುವವನು ಟಾಮ್ ಚೇನಿಯಲ್ಲ, ಜೊತೆಯಲ್ಲಿ ಕಣದ ಕಾಫಿ ಕೆದಕಿ ಬೆಳೆದ ಅಣ್ಣ. ಅವನ ಮೇಲೆ ದಾವೆ ಹೂಡು ಎಂದು ನಾನು ಯಾರಿಗೂ ಸುಲಭವಾಗಿ ಹೇಳಲಾರೆ. ಮ್ಯಾಟಿಯೂ ಗೆದ್ದು ಬಂದದ್ದು ಒಂದು ಕೈ ಕಳೆದುಕೊಂಡೇ.

ಆದರೂ ಅವಳಿಂದ ಒಂದನ್ನು ಕಲಿಯಬಹುದು. ಆ ಸಂಜೆ ನಾವಿಬ್ಬರೂ ಕರಡನ್ನು ಒಂದೊಂದೇ ಸಾಲಾಗಿ ಓದಿದೆವು. ಸರ್ವೆ ನಂಬರು ಯಾವುದು, ಎಷ್ಟು ಎಕರೆ, ತಾಯಿಯ ಜೀವನಾಂಶಕ್ಕೆ ಏನು ಬರೆದಿದೆ, ಎಲ್ಲವನ್ನೂ ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಂಡೆವು. ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. ಅವಳು ಅದನ್ನು ಸೇರಿಸುವಂತೆ ಅಣ್ಣನನ್ನು ಕೇಳಿದಳು, ಅವನು ಒಪ್ಪಿದ. ಆಮೇಲೆ ತನ್ನ ಪಾಲನ್ನು ತಾನಾಗಿಯೇ ಬಿಟ್ಟುಕೊಟ್ಟಳು.

ಬಿಟ್ಟುಕೊಡುವುದೂ ಒಂದು ಹಕ್ಕೇ. ಆದರೆ ತನ್ನದು ಎಷ್ಟಿದೆ ಎಂದು ಬಲ್ಲವಳು ಮಾತ್ರ ಅದನ್ನು ಬಿಟ್ಟುಕೊಡಬಲ್ಲಳು. ತಿಳಿಯದೆ ಹಾಕಿದ ಸಹಿಗೆ ತ್ಯಾಗವೆಂಬ ಹೆಸರು ಸಲ್ಲದು.